ದೀಪದ ಗೂಡಿನ ಚಿಪ್ಪು

ಘನವಸ್ತುವಿಗೆ ನಿಶ್ಚಿತವಾದ ಆಕಾರವಿರುತ್ತದೆ ಎಂಬ ಸಾಲನ್ನು ನಮ್ಮೂರಿನ ಆರನೇ ತರಗತಿಯಲ್ಲಿ ಮಕ್ಕಳು ನಗದ ಹಾಗೆ ಓದಿಸಿದ ಟೀಚರು ಇನ್ನೂ ಹುಟ್ಟಿಲ್ಲ. ಪುಸ್ತಕದವರು ಉದಾಹರಣೆಗೆ ಕೊಟ್ಟಿರುವುದು ಬೇರೇನನ್ನೂ ಅಲ್ಲ, ಕಲ್ಲನ್ನು. ನಾನೂ ಇದೇ ಶಾಲೆಯಲ್ಲಿ ಓದಿದವಳು, ಇದೇ ಸಾಲಿಗೆ ನಕ್ಕು ಬೆಂಚಿನ ಮೇಲೆ ನಿಂತವಳು. ಹಾಗಾಗಿ ಮಕ್ಕಳು ನಗುವಾಗ ನಾನು ಬೆತ್ತ ಹುಡುಕುವುದಿಲ್ಲ. ನಕ್ಕು ಮುಗಿಸಲಿ ಎಂದು ಕಾಯುತ್ತೇನೆ, ಆಮೇಲೆ ಹೇಳುತ್ತೇನೆ: “ಪರೀಕ್ಷೆಯೊಳಗ ಕಲ್ಲಿಗೆ ನಿಶ್ಚಿತ ಆಕಾರ ಐತಿ ಅಂತನ ಬರೀರಿ. ‘ಹದದ ವಾರ ಬಿಟ್ಟು’ ಅಂತ ಸೇರಸಬ್ಯಾಡ್ರಿ. ಪೇಪರ್ ತಿದ್ದೋರು ಬ್ಯಾರೆ ಊರಿನೋರು, ಸುಮ್ಮನ ಮಾರ್ಕ್ಸ್ ಹೋಗತಾವ.” ಆದರೂ ಪ್ರತಿವರ್ಷ ಒಬ್ಬಿಬ್ಬರು ಬರೆದೇ ಬಿಡುತ್ತಾರೆ. ಕಣ್ಣಾರೆ ಕಂಡದ್ದನ್ನು ಬಿಟ್ಟು ಬರೆಯಲು ಅವರಿಗೆ ಮನಸ್ಸು ಬರುವುದಿಲ್ಲ.

ಹದದ ವಾರ ಬರುವುದು ಚಳಿ ಹಿಂದೆ ಸರಿದು ಬಿಸಿಲು ಇನ್ನೂ ಚುರುಕಾಗದ ದಿನಗಳಲ್ಲಿ. ಇಂಥದೇ ತಾರೀಖು ಎಂದಿಲ್ಲ. ಒಂದು ಬೆಳಿಗ್ಗೆ ಯಾರೋ ಕಟ್ಟೆಯ ಮೇಲೆ ಕೂತು ಎದ್ದಾಗ ಕೂತ ಗುರುತು ಕಲ್ಲಿನಲ್ಲಿ ಉಳಿದಿರುತ್ತದೆ. ಅಷ್ಟೇ ಸಾಕು, ಕಲ್ಲು ಹದಕ್ಕೆ ಬಂತು ಎಂದು ಊರಿಗೆಲ್ಲ ಸುದ್ದಿ. ಕಲ್ಲು ಕರಗುವುದಿಲ್ಲ, ಹರಿಯುವುದಿಲ್ಲ, ರೊಟ್ಟಿಗೆ ನಾದಿದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಅಷ್ಟರೊಳಗೆ ಜೋಳ ಬೀಸಿ ಡಬ್ಬಿ ತುಂಬಿಸಿಟ್ಟಿರಬೇಕು, ಬಾಗಿಲ ಮೇಲಿನ ಕಲ್ಲಿಗೆ ಮರದ ಆಸರೆ ಕೊಟ್ಟಿರಬೇಕು, ದನಗಳನ್ನು ಮಣ್ಣಿನ ನೆಲಕ್ಕೆ ಕಟ್ಟಿರಬೇಕು. ಗೋಡೆಗೆ ಒರಗುವ ಹಾಗಿಲ್ಲ. ಊರ ಹೊರಗಿನ ಬಂಡೆಯ ದಾರಿಯಲ್ಲಿ ಚಕ್ರ ಹೂತುಹೋಗುತ್ತದೆಂದು ಬಸ್ಸು ಬರುವುದಿಲ್ಲ. ಸವೆದ ಬೀಸುಕಲ್ಲು, ಮುರಿದ ಮೆಟ್ಟಿಲು, ಸೋರುವ ಕಲ್ಲಿನ ತೊಟ್ಟಿ ಎಲ್ಲವನ್ನೂ ಆ ವಾರದಲ್ಲೇ ನಾದಿ ಸರಿಮಾಡಿಕೊಳ್ಳುತ್ತೇವೆ. ಉಳಿ ಸುತ್ತಿಗೆ ಹಿಡಿದವರು ನಮ್ಮೂರಲ್ಲಿ ಯಾವತ್ತೂ ಇದ್ದಿಲ್ಲ. ಪಂಚಾಯ್ತಿಯ ಹಿಂದಿನ ಅಧ್ಯಕ್ಷರು ಹದದ ವಾರದಲ್ಲಿ ಅವಸರದಿಂದ ಮೆಟ್ಟಿಲಿಳಿಯಲು ಹೋಗಿ ಬಿದ್ದ ಗುರುತು, ಮೊಣಕೈ ಸಮೇತ, ಪಂಚಾಯ್ತಿ ಕಟ್ಟೆಯ ಮೇಲೆ ಇವತ್ತಿಗೂ ಇದೆ. ನಾದಿ ಅಳಿಸಿಬಿಡಿ ಎಂದು ಅವರು ಎಷ್ಟು ಬೇಡಿಕೊಂಡರೂ ಊರವರು ಕಿವಿಗೆ ಹಾಕಿಕೊಂಡಿಲ್ಲ.

ಕಲ್ಲಿನ ಮೇಲೆ ಏನಾದರೂ ಗುರುತು ಕಂಡರೆ ಯಾರು ಒತ್ತಿದ್ದು ಎಂದು ಕೇಳುವುದು ನಮ್ಮವರ ಚಾಳಿ. ಎಲೆ ಒತ್ತಲಿ, ಕೀಲಿಕೈ ಒತ್ತಲಿ, ಪಕ್ಕದಲ್ಲಿ ಒತ್ತಿದವರ ಬೆರಳಿನ ಗುಳಿ ಇದ್ದೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಗುರುತು ಎಂದರೆ ತಾಯಿಯ ಕೈ. ಮದುವೆಯಾಗಿ ಬಂದ ಹೆಣ್ಣು ಮೊದಲ ಹದದಲ್ಲಿ ಹೊಸ್ತಿಲ ಪಕ್ಕದ ಕಲ್ಲಿಗೆ ಬಲಗೈ ಒತ್ತುತ್ತಾಳೆ. ಆಮೇಲೆ ಹುಟ್ಟಿದ ಮಕ್ಕಳು ಆ ಗುರುತಿನೊಳಗೆ ತಮ್ಮ ಕೈ ಇಟ್ಟು ನೋಡಿ ನೋಡಿಯೇ ಬೆಳೆಯುತ್ತಾರೆ. ಯಾವ ದಿನ ಮಗಳ ಕೈ ತಾಯಿಯ ಗುರುತನ್ನು ತುಂಬುತ್ತದೋ ಆ ದಿನ ತಾಯಿ ಆ ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟು, “ದೊಡ್ಡಾಕಿ ಆದಿ, ಇನ್ನ ನಿನ್ನ ಕೈ ನಿನಗ” ಎನ್ನುತ್ತಾಳೆ. ಗಂಡುಮಕ್ಕಳಾದರೆ ದೊಡ್ಡಾಂವ ಆದಿ ಎನ್ನುತ್ತಾಳೆ, ಬೆಲ್ಲ ಅದೇ. ನನಗೆ ಸಿಕ್ಕದ್ದು ತಡವಾಗಿ, ನಾನು ಹೈಸ್ಕೂಲಿಗೆ ಹೋಗುವಾಗ. ನಮ್ಮವ್ವನ ಕೈ ದೊಡ್ಡದು, ಆ ಕೈಯ ಏಟೂ ದೊಡ್ಡದು.

ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಫಕೀರವ್ವನಿಗೆ ಆ ಬೆಲ್ಲ ಸಿಗಲೇ ಇಲ್ಲ. ಅರವತ್ತರ ಹತ್ತಿರದ ಹೆಂಗಸು, ಎತ್ತರದ ಆಳು, ನೂರು ಮಕ್ಕಳ ಅನ್ನದ ಹಂಡೆಯನ್ನು ಒಬ್ಬಳೇ ಇಳಿಸುವ ಕೈ. ಅವಳು ಇನ್ನೂ ಅಂಬೆಗಾಲಿಡುವಾಗಲೇ ತಾಯಿ ತೀರಿಕೊಂಡಳು. ಮನೆಗೆ ಬಂದ ಚಿಕ್ಕವ್ವ ಮೊದಲ ಹದದಲ್ಲೇ ಹೊಸ್ತಿಲ ಪಕ್ಕದ ಕೈಗುರುತನ್ನು ನಾದಿ ನುಣ್ಣಗೆ ಮಾಡಿ, ಅದರ ಮೇಲೆ ತನ್ನ ಕೈ ಒತ್ತಿದಳು. ಕೆಟ್ಟವಳೇನಲ್ಲ. ಬಾಗಿಲು ದಾಟುವಾಗಲೆಲ್ಲ ಸವತಿಯ ಕೈ ಕಣ್ಣಿಗೆ ಬೀಳುವುದು ಅವಳಿಗೂ ಬೇಡವಾಗಿತ್ತು, ಅಷ್ಟೆ. ಉಳಿದದ್ದು ಒಂದೇ. ಅಡುಗೆಮನೆಯ ಗೋಡೆಯಲ್ಲಿ ದೀಪ ಇಡುವ ಗೂಡಿದೆಯಲ್ಲ, ಅದರ ತಳದ ಕಲ್ಲಿನ ಮೇಲೆ ಅಂಗೈಯಗಲದ ಒಂದು ಚಿಪ್ಪಿನ ಗುರುತು. “ಅದು ನಿಮ್ಮವ್ವಂದು” ಎಂದು ಅಪ್ಪ ಒಮ್ಮೆ ಹೇಳಿದ್ದನಂತೆ. ಅವ್ವ ತನಗಾಗಿ ಒತ್ತಿಟ್ಟು ಹೋದದ್ದು ಎಂದು ಫಕೀರವ್ವ ನಂಬಿದಳು. ಓರಗೆಯ ಹುಡುಗಿಯರು ತಾಯಂದಿರ ಕೈಯಲ್ಲಿ ಕೈ ಇಟ್ಟು ನೋಡುವಾಗ ಇವಳು ಒಳಗೆ ಹೋಗಿ ಆ ಚಿಪ್ಪಿನ ಮೇಲೆ ಕೈ ಇಟ್ಟು ಬರುತ್ತಿದ್ದಳು. ಒಬ್ಬಳೇ ಮಗಳೆಂದು ಅಪ್ಪ ಅಳಿಯನನ್ನೇ ಮನೆಗೆ ತಂದುಕೊಂಡ. ಹಾಗಾಗಿ ಅವಳು ಆ ಮನೆ ಬಿಡಲಿಲ್ಲ, ಆ ಗೂಡಿನಲ್ಲಿ ದೀಪ ಹಚ್ಚುವುದನ್ನೂ ಬಿಡಲಿಲ್ಲ.

ಇದೆಲ್ಲ ನನಗೆ ಗೊತ್ತಿತ್ತೇ ಎಂದರೆ, ಕೈಗುರುತು ನಾದಿದ ಕತೆ ಗೊತ್ತಿತ್ತು. ಚಿಪ್ಪಿನ ವಿಷಯ ಗೊತ್ತಿರಲಿಲ್ಲ. ಅದು ಗೊತ್ತಾದದ್ದು ಏಳನೇ ತರಗತಿಗೆ ಭೂಮಿಯ ಚರಿತ್ರೆಯ ಪಾಠ ಮಾಡಿದ ದಿನ.

ಆ ಪಾಠವೆಂದರೆ ನನಗೆ ಹಬ್ಬ. ಭೂಮಿಯ ಪದರಗಳನ್ನು ಹೇಳಿಕೊಡಲು ನಾನು ಚಿತ್ರಪಟ ತರುವುದಿಲ್ಲ, ಮನೆಯಿಂದ ರೊಟ್ಟಿಬುಟ್ಟಿ ತರುತ್ತೇನೆ. “ರೊಟ್ಟಿ ಒಂದರ ಮ್ಯಾಲೊಂದು ಒಟ್ಟಿದ್ರ ಮೊದಲ ಬೇಯಿಸಿದ್ದು ಎಲ್ಲಿರತೈತಿ?” ಎಂದು ಕೇಳಿದೆ.

“ಎಲ್ಲಾದಕ್ಕಿಂತ ಕೆಳಗ್ರೀ!” ಎಂದು ಇಡೀ ತರಗತಿ ಕೂಗಿತು.

ಹಿಂದಿನ ಸಾಲಿನಿಂದ ಖಾಜಾ ಎದ್ದು ನಿಂತ. ಅವನು ಎದ್ದರೆ ಏನೋ ಒಂದು ತಕರಾರು ಇದ್ದೇ ಇರುತ್ತದೆ. “ನಮ್ಮ ಅಮ್ಮಿ ಎಲ್ಲಾ ಬೇಯಿಸಿ ಮುಗದ ಮ್ಯಾಲ ಬುಟ್ಟಿ ತಿರುವಿ ಹಾಕತಾಳ್ರಿ ಅಕ್ಕೋರ. ಆರಿದ್ದು ಮೊದಲ ತಿಂದು ಮುಗಸ್ರಿ ಅಂತ.”

“ಭೂಮಿನೂ ಒಮ್ಮೊಮ್ಮೆ ನಿಮ್ಮ ಅಮ್ಮಿ ಹಂಗ ಮಾಡತೈತಿ. ಅದು ಮುಂದಿನ ಕ್ಲಾಸಿನ ಪಾಠ, ಈಗ ಕೂಡು” ಎಂದೆ. ಇಂಥ ಹುಡುಗರಿದ್ದರೆ ಪಾಠ ಮಾಡುವುದೇ ಒಂದು ಸುಖ.

ಆಮೇಲೆ ಪಳೆಯುಳಿಕೆ. ಫಕೀರವ್ವನ ಹತ್ತಿರ ಒಂದು ಮುಷ್ಟಿ ನಾದಿದ ಹಿಟ್ಟು ಇಸಿದುಕೊಂಡು ಬಂದಿದ್ದೆ, ಅವಳೇ ನಗುತ್ತ ಕೊಟ್ಟಿದ್ದಳು. ಅದರಲ್ಲಿ ಹುಣಸೆಬೀಜ ಒತ್ತಿ ತೆಗೆದು ತೋರಿಸಿದೆ. ಬೀಜ ಹೋದರೂ ಗುಳಿ ಉಳಿಯಿತು, ಇದು ಅಚ್ಚು. ಆ ಗುಳಿಯಲ್ಲಿ ಮಣ್ಣು ತುಂಬಿ ಒಣಗಿಸಿ ತೆಗೆದರೆ ಮಣ್ಣಿನ ಹುಣಸೆಬೀಜ ಸಿಗುತ್ತದೆ, ಅದು ಎರಕ. ಕೋಟ್ಯಂತರ ವರ್ಷಗಳ ಹಿಂದೆ ಸಮುದ್ರದ ತಳದ ಕೆಸರಿನಲ್ಲಿ ಹೂತ ಪ್ರಾಣಿಗಳ ಗುರುತು ಹೀಗೇ ಉಳಿದದ್ದು ಎಂದು ಹೇಳಿ ಪುಸ್ತಕದ ಚಿತ್ರ ತೋರಿಸಿದೆ. ಬೀಸಣಿಗೆಯ ಹಾಗೆ ಗೆರೆಗಳಿದ್ದ ಒಂದು ಚಿಪ್ಪು.

ಮುಂದಿನ ಬೆಂಚಿನ ದಾನೇಶ್ವರಿ ಚಿತ್ರದ ಮೇಲೆ ಬೆರಳಿಟ್ಟಳು. ಅವಳು ಫಕೀರವ್ವನ ಮಗನ ಮಗಳು, ಮಾತು ಕಡಿಮೆ. “ಇದು ನಮ್ಮ ಮನಿ ದೀಪದ ಗೂಡಿನಾಗ ಐತ್ರಿ ಅಕ್ಕೋರ. ನಮ್ಮ ಆಯಿಗೆ ಅವರವ್ವ ಒತ್ತಿಟ್ಟದ್ದು.”

“ಬಾಜೂಕ ಬೆರಳಿನ ಗುಳಿ ಐತೇನು?”

ಅವಳು ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. “ಇಲ್ಲ್ರಿ.”

“ಹಂಗಾರ ಯಾರೂ ಒತ್ತಿಲ್ಲ. ಅದು ಈ ಊರು ಹುಟ್ಟೋಕಿಂತ ಮೊದಲಿನದು, ಮನುಷ್ಯರು ಹುಟ್ಟೋಕಿಂತ ಮೊದಲಿನದು. ನಿಮ್ಮ ಮನಿಯೊಳಗ ಕೋಟಿ ವರ್ಷದ ಸಮುದ್ರ ಐತಿ ತಿಳೀತೇನು!” ಎಂದೆ. ಹೆಮ್ಮೆಯಿಂದಲೇ ಹೇಳಿದೆ. ಹೇಳಿದ್ದು ಸರಿಯೆಂದೇ ಇವತ್ತಿಗೂ ಅನ್ನುತ್ತೇನೆ. ಆದರೆ ಮಕ್ಕಳು ಶಾಲೆಯಲ್ಲಿ ಕೇಳಿದ್ದನ್ನು ಶಾಲೆಯಲ್ಲೇ ಬಿಟ್ಟು ಹೋಗುವುದಿಲ್ಲ.

ಮರುದಿನ ಮಧ್ಯಾಹ್ನ ನನ್ನ ತಟ್ಟೆಯ ಸಾರಿಗೆ ಉಪ್ಪಿರಲಿಲ್ಲ. ಪಕ್ಕದಲ್ಲಿ ಕೂತ ಮಕ್ಕಳು ಸುರ್ ಎಂದು ಕುಡಿಯುತ್ತಿದ್ದರು, ಅವರ ಸಾರಿಗೆ ಎಲ್ಲ ಸರಿಯಾಗಿತ್ತು. ಒಬ್ಬರ ಪಾಲಿಗೆ ಮಾತ್ರ ಉಪ್ಪು ತಪ್ಪಿಸಿ ಸಾರು ಮಾಡುವುದು ಸುಲಭದ ಕೆಲಸವಲ್ಲ. ಊಟ ಮುಗಿದ ಮೇಲೆ ಫಕೀರವ್ವ ಸೌಟು ಹಿಡಿದೇ ಬಂದು ಎದುರು ನಿಂತಳು. ಶಾಲೆಯಲ್ಲಿ ಯಾವತ್ತೂ ಅಕ್ಕೋರ, ನೀವು ಎಂದೇ ಮಾತಾಡಿಸುವವಳು ಅವತ್ತು ನನ್ನನ್ನು ಲಂಗ ಹಾಕಿದ ಹುಡುಗಿಯ ಮಟ್ಟಕ್ಕೆ ಇಳಿಸಿದಳು.

“ಕಸ್ತೂರಿ, ನಮ್ಮವ್ವ ಒತ್ತಿದ್ದು ನೀ ಯಾವಾಗ ಬಂದು ನೋಡಿದ್ದಿ?”

“ಯವ್ವಾ, ಬೆರಳಿನ ಗುರುತು ಇಲ್ಲಂದ್ಲು ನಿನ್ನ ಮೊಮ್ಮಗಳು.”

“ಬಟ್ಟಿ ಹಿಡದು ಒತ್ಯಾಳ ನಮ್ಮವ್ವ. ಅದಕ್ಕ ಬೆರಳು ಮೂಡಿಲ್ಲ. ನನಗ ಸಣ್ಣಂದಿರತ್ಲೇ ಗೊತ್ತೈತಿ.”

ಅಂದರೆ ಬೆರಳಿನ ಗುಳಿ ಇಲ್ಲದ್ದು ಅವಳ ಕಣ್ಣಿಗೂ ಯಾವತ್ತೋ ಬಿದ್ದಿತ್ತು. ಬಟ್ಟೆಯ ನೆಪ ಹುಡುಕಿ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಳು. ನನಗೆ ಅಲ್ಲಿಗೇ ಬಿಡಬೇಕು ಎನ್ನಿಸಲಿಲ್ಲ. ನಾನು ಬಿಡುವವಳಲ್ಲ, ಅದು ಊರಿಗೇ ಗೊತ್ತು. “ಶನಿವಾರ ಹುಡುಗರನ್ನ ಗುಡ್ಡಕ್ಕ ಕರಕೊಂಡ ಹೊಂಟೀನಿ. ನೀನೂ ಬಾ. ನೋಡು, ಆಮ್ಯಾಲ ಬಯ್ಯಿ” ಎಂದೆ.

“ಬರತೀನಿ. ನಿನ್ನ ಪುಸ್ತಕ ಸುಳ್ಳಂತ ತೋರಿಸಾಕರ ಬರತೀನಿ” ಎಂದಳು.

ಗುಡ್ಡದ ಹಿಂಬದಿಯಲ್ಲಿ ಹಳ್ಳ ಕೊರೆದ ಒಂದು ಕಡಿದಾದ ಗೋಡೆಯಿದೆ. ನಮ್ಮೂರವರು ಅತ್ತ ಹೋಗುವುದು ಕಡಿಮೆ, ಮನೆಗೆ ಬೇಕಾದ ಕಲ್ಲು ಈಚೆ ಬದಿಯಲ್ಲೇ ಸಿಗುತ್ತದೆ. ಶನಿವಾರ ಬೆಳಗಿನ ಬಿಸಿಲು ನೇರ ಆ ಗೋಡೆಯ ಮೇಲೆ ಬಿದ್ದಿತ್ತು. ಸೊಂಟದೆತ್ತರದಲ್ಲಿ ಒಂದು ಬಿಳಿಚಿದ ಪದರ, ಅದರ ತುಂಬ ಚಿಪ್ಪುಗಳು. ಮಗ್ಗುಲಾಗಿ ಮಲಗಿದವು, ಒಂದರ ಮೇಲೊಂದು ಬಿದ್ದವು, ಉಗುರಿನಷ್ಟು ಸಣ್ಣವು, ತಟ್ಟೆಯಷ್ಟು ದೊಡ್ಡವು. ಹಳ್ಳದ ಆಚೆ ದಡದಲ್ಲೂ ಅದೇ ಎತ್ತರದಲ್ಲಿ ಅದೇ ಪದರ ಮುಂದುವರಿದಿತ್ತು. ಮಕ್ಕಳು ಬೆರಳಿನ ಗುಳಿ ಹುಡುಕುತ್ತ ಗೋಡೆಗುಂಟ ಓಡಾಡಿದರು. ಒಂದೂ ಸಿಗಲಿಲ್ಲ.

ಖಾಜಾ ಅಷ್ಟಕ್ಕೆ ಸೋಲುವವನೇ? “ಹದದಾಗ ಕಲ್ಲಿನೊಳಗ ಚಿಪ್ಪು ಇಟ್ಟು ಮಡಚಿದ್ದರ ಅಂತೀನಿ. ಹೋಳಿಗ್ಯಾಗ ಹೂರಣ ಇಟ್ಟಂಗ. ಆಗ ಬೆರಳು ಕಾಣಂಗಿಲ್ಲಲ್ಲ್ರಿ?”

“ಮಡಚೋ ಕೈ ಎಷ್ಟು ದೊಡ್ಡದಿರಬೇಕು ಹೇಳು. ಈ ಗುಡ್ಡದಿಂದ ಆ ದಂಡಿತನಕ ಒಂದ ಹೋಳಿಗಿ ಐತಲ್ಲ!” ಎಂದೆ. ಅವನು ಆಚೆ ದಡದ ಕಡೆಗೊಮ್ಮೆ ಈಚೆಗೊಮ್ಮೆ ನೋಡಿ, “ಹಂಗಾರ ಸಮುದ್ರನ ಇರಬೇಕ್ರಿ” ಎಂದು ಒಪ್ಪಿಕೊಂಡ. ಒಪ್ಪಿಕೊಳ್ಳುವುದರಲ್ಲೂ ಅವನಿಗೆ ಖುಷಿಯೇ.

ಫಕೀರವ್ವ ಮಕ್ಕಳಿಂದ ದೂರ ಒಬ್ಬಳೇ ನಿಂತಿದ್ದಳು. ಅವಳ ಎದುರು ಪದರದಲ್ಲಿ ಒಂದು ಜಾಗ ಖಾಲಿಯಾಗಿತ್ತು, ಬುಟ್ಟಿಯಿಂದ ಹಿಟ್ಟು ಬಗೆದುಕೊಂಡ ಹಾಗೆ ಯಾರೋ ಒಂದು ತುಂಡು ಬಗೆದುಕೊಂಡು ಹೋಗಿದ್ದರು. ಮನೆ ಕಟ್ಟುವವರು ಯಾರೋ ಒಯ್ದಿರಬೇಕು ಎಂದುಕೊಂಡು ನಾನು ಅದರ ಕಡೆ ಹೆಚ್ಚು ಗಮನ ಕೊಡಲಿಲ್ಲ. ಅವಳು ನೋಡುತ್ತಿದ್ದದ್ದು ಆ ಗುಳಿಯನ್ನಲ್ಲ, ಅದರ ಸುತ್ತ ಇದ್ದ ಚಿಪ್ಪುಗಳನ್ನು. ಬೀಸಣಿಗೆಯ ಗೆರೆಗಳ, ತನ್ನ ದೀಪದ ಗೂಡಿನಲ್ಲಿರುವಂಥದೇ ಚಿಪ್ಪುಗಳು, ಎಣಿಸಲಾಗದಷ್ಟು.

“ಇಷ್ಟೂ ನಮ್ಮವ್ವ ಒತ್ತಿಲ್ಲ ಬಿಡ್ರಿ ಅಕ್ಕೋರ” ಎಂದಳು. ಮತ್ತೆ ಬಹುವಚನಕ್ಕೆ ಬಂದಿದ್ದಳು, ಅದೇ ನನಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. “ನೀವು ಹೇಳಿದ್ದ ಖರೆ.” ಸೆರಗು ಕೊಡವಿ, ಮಕ್ಕಳಿಗೆ ಅವಲಕ್ಕಿ ಹಂಚಿ, ಎಲ್ಲರಿಗಿಂತ ಮೊದಲು ಗುಡ್ಡ ಇಳಿದು ಹೋದಳು.

ಸೋಮವಾರ ನನ್ನ ಸಾರಿಗೆ ಮಾತ್ರ ಉಪ್ಪು ಇರಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ಎಲ್ಲರ ಸಾರಿಗೂ ಇರಲಿಲ್ಲ. ದಾನೇಶ್ವರಿ ನನ್ನನ್ನು ನೀರಿನ ಟ್ಯಾಂಕಿನ ಹಿಂದೆ ಕರೆದುಕೊಂಡು ಹೋದಳು. “ಆಯಿ ದೀಪಾನ ಹಚ್ಚವಲ್ಲಳ್ರಿ. ಈ ಹದದಾಗ ಆ ಕಲ್ಲು ಕಿತ್ತು ನಾದಿ ಉಪ್ಪಿನ ಮರಗಿ ಮಾಡತೀನಿ ಅಂತಾಳ. ಅಕ್ಕೋರ, ನೀವು ಒಂದ ಒಂದು ಸುಳ್ಳ ಹೇಳ್ರಿ. ತಪ್ಪಾಗಿತ್ತು, ಅದು ನಿಮ್ಮವ್ವಂದ ಅಂತ ಹೇಳ್ರಿ.”

“ನಿಮ್ಮ ಆಯಿ ಗುಡ್ಡ ಕಂಡು ಬಂದಾಳ. ನಾ ಸುಳ್ಳ ಹೇಳಿದ್ರ ನಂಬತಾಳೇನು?”

“ನಂಬದಿದ್ರೂ ನಾದೂದು ಬಿಡಬೌದಲ್ಲ್ರಿ.” ಹುಡುಗಿ ಕಣ್ಣೊರೆಸಿಕೊಂಡಳು. “ನನಗ ಚಿಪ್ಪೂ ಬೇಕ್ರಿ, ಆಯಿಗೆ ಅವರವ್ವನೂ ಬೇಕ್ರಿ.”

ಅವಳು ಕೇಳಿದ್ದು ನ್ಯಾಯವಾದದ್ದೇ. ಆದರೆ ಗೊತ್ತಿದ್ದೂ ಸುಳ್ಳು ಹೇಳಲು ನನ್ನಿಂದಾಗುವುದಿಲ್ಲ, ಹಾಗಂತ ಆ ಕಲ್ಲು ಉಪ್ಪಿನ ಮರಿಗೆಯಾಗುವುದನ್ನು ನೋಡುತ್ತ ಕೂರಲೂ ಆಗುವುದಿಲ್ಲ. ಸಂಜೆ ಶಾಲೆ ಬಿಟ್ಟ ಕೂಡಲೇ ಫಕೀರವ್ವನ ಮನೆಗೆ ಹೋದೆ. ದೀಪದ ಗೂಡು ಖಾಲಿಯಾಗಿತ್ತು. ಎಣ್ಣೆ ಕುಡಿದು ಕಪ್ಪಾದ ಕಲ್ಲು, ನಡುವೆ ಆ ಚಿಪ್ಪು. ಒಂದು ಗೆರೆಯೂ ಮುಕ್ಕಾಗಿರಲಿಲ್ಲ. ನಮ್ಮ ಪುಸ್ತಕದ ಚಿತ್ರಕ್ಕಿಂತ ಚೆನ್ನಾಗಿತ್ತು. ಆ ಕಲ್ಲನ್ನು ಶಾಲೆಗೆ ಕೊಡು, ಮಕ್ಕಳು ನೋಡಲಿ ಎಂದು ಕೇಳಿದೆ.

“ಸಾಲ್ಯಾಗ ಇಟ್ರ ನಾ ದಿನಾ ನೋಡಬೇಕಲ್ಲ್ರಿ” ಎಂದಳು. ಒಲೆಯ ಮುಂದೆ ಕೂತು ಬೂದಿ ಕೆದಕುತ್ತಿದ್ದವಳು ನನ್ನ ಕಡೆ ತಿರುಗಲಿಲ್ಲ. “ಎಲ್ಲಾರೂ ಅವ್ವನ ಕೈಯಾಗ ಕೈ ಇಟ್ಟು ಬೆಳದ್ರು. ನಾ ಎಲ್ಲಿದೋ ಸಮುದ್ರದ ಹುಳದ ಮ್ಯಾಲ ಕೈ ಇಟ್ಟು ಬೆಳದೆ. ಮದುವಿ ಆತು, ಮಕ್ಕಳಾದ್ವು, ಗಂಡ ಹೋದ. ಒಂದೊಂದು ಹೊತ್ತಿನ್ಯಾಗೂ ಆ ಹುಳದ ಮುಂದ ನಿಂತು ಯವ್ವಾ ಯವ್ವಾ ಅಂದೀನಿ. ಇನ್ನ ಅದು ಕಣ್ಣಿಗೆ ಬೀಳೂದು ಬ್ಯಾಡ.”

ನನಗೆ ಅಳು ಬಂತು. ಅವಳೆದುರೇ ಅತ್ತೆ. ಆದರೂ ಚಿಪ್ಪು ನಿಮ್ಮವ್ವನದು ಎಂಬ ಮಾತು ಬಾಯಿಂದ ಹೊರಡಲಿಲ್ಲ. “ನಾದೋ ದಿನ ನನ್ನನ್ನೂ ಕರಿ ಯವ್ವಾ. ನಾನೂ ಕೈ ಹಾಕತೀನಿ” ಎಂದು ಮಾತ್ರ ಹೇಳಿ ಬಂದೆ. ಕೊನೆಗಳಿಗೆಯಲ್ಲಾದರೂ ಅವಳ ಕೈ ಹಿಂಜರಿಯಬಹುದು, ಆಗ ಪಕ್ಕದಲ್ಲಿದ್ದು ಪಟ್ಟು ಹಿಡಿಯಬಹುದು ಎಂಬುದು ನನ್ನ ಲೆಕ್ಕ.

ಆ ವರ್ಷ ಹದ ಬಂದದ್ದು ನಮ್ಮ ಶಾಲೆಯ ಮೆಟ್ಟಿಲಿನಿಂದಲೇ ಗೊತ್ತಾಯಿತು. ಪ್ರಾರ್ಥನೆಗೆ ನಿಂತ ಒಂದನೇ ತರಗತಿಯ ಮಗುವಿನ ಚಪ್ಪಲಿ ಮೆಟ್ಟಿಲಿಗೆ ಅಂಟಿಕೊಂಡಿತು. ಶಾಲೆಗೆ ರಜೆ ಕೊಟ್ಟೆವು. ದಾನೇಶ್ವರಿ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು.

ಫಕೀರವ್ವ ಆಗಲೇ ಗೂಡಿನ ಸುತ್ತಲ ಮಣ್ಣನ್ನು ಕೆರೆದು ಬಿಡಿಸಿದ್ದಳು. ಹಲಗೆಯೊಂದನ್ನು ಕಲ್ಲಿನಡಿ ತೂರಿಸಿ ಇಬ್ಬರೂ ಸೇರಿ ಮೆಲ್ಲಗೆ ಈಚೆಗೆ ಎಳೆದೆವು, ಅಂಗಳಕ್ಕೆ ತಂದೆವು. ಅಂಗಳದಲ್ಲಿ ಜೋಳದ ಹೊಟ್ಟು ಹರಡಿತ್ತು. ಹದದ ಕಲ್ಲನ್ನು ಇಳಿಸುವುದು ಹೊಟ್ಟಿನ ಮೇಲೇ, ಅಂಟಬಾರದಲ್ಲ. ನಾದುವ ಮೊದಲು ಬೆನ್ನಿಗೆ ಹತ್ತಿದ ಮಣ್ಣು ತೆಗೆಯಬೇಕು. ಮಣ್ಣು ಬೆರೆತರೆ ಕಲ್ಲು ಮುಂದೆ ಸೀಳು ಬಿಡುತ್ತದೆ. ಫಕೀರವ್ವ ಕಲ್ಲನ್ನು ಬೋರಲು ಹಾಕಿ ಕಸಬರಿಗೆಯಿಂದ ಮೆಲ್ಲಗೆ ತಟ್ಟಿದಳು. ಒಣಮಣ್ಣು ಹೆಂಟೆ ಹೆಂಟೆಯಾಗಿ ಉದುರಿತು. ಇನ್ನೊಮ್ಮೆ ತಟ್ಟಿದಾಗ ಹೊಟ್ಟಿನ ಮೇಲೆ ಬಿದ್ದದ್ದು ಹೆಂಟೆಯಲ್ಲ. ಸಣ್ಣಗೆ, ಉದ್ದಕ್ಕೆ, ತುದಿ ದುಂಡಗಿದ್ದ ಮಣ್ಣಿನ ತುಂಡು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು.

ದಾನೇಶ್ವರಿ ಒಂದನ್ನು ಅಂಗೈಗೆ ತೆಗೆದುಕೊಂಡಳು. ನೋಡುತ್ತಿದ್ದಂತೆ ಅವಳ ಮುಖದ ಬಣ್ಣ ಬದಲಾಯಿತು. “ಅಕ್ಕೋರ,” ಎಂದಳು ಬಹಳ ಮೆಲ್ಲಗೆ, “ಇದು ಎರಕ್ರಿ. ಇದಕ್ಕ ಗೆಣ್ಣಿನ ಗೆರಿ ಅದಾವು. ಬೆರಳ್ರಿ ಇದು.”

ನಾನು ಬಾಗಿ ನೋಡಿದೆ. ಕಲ್ಲಿನ ಬೆನ್ನಿನಲ್ಲಿ ಎರಡೂ ಬದಿಯಿಂದ ನಡುವಿನ ಕಡೆಗೆ ಚಾಚಿದ ಗುಳಿಗಳಿದ್ದವು, ಆಚೆ ನಾಲ್ಕು, ಈಚೆ ನಾಲ್ಕು. ಹೆಬ್ಬೆರಳುಗಳು ಮಾತ್ರ ಅಂಚಿನಲ್ಲಿ, ಮೇಲ್ಮುಖಕ್ಕೆ ತಾಗದ ಹಾಗೆ ಪಕ್ಕಕ್ಕೆ ಸರಿಸಿ ಇಟ್ಟುಕೊಂಡದ್ದು. ಮಲಗಿದ ಕೂಸನ್ನು ಎಬ್ಬಿಸದೆ ಎತ್ತಿಕೊಳ್ಳುವಾಗ ಕೈ ಹೇಗೆ ಕೆಳಗೆ ಹೋಗುತ್ತದೆಯೋ ಹಾಗೆ. ನನಗೆ ಗುಡ್ಡದ ಆ ಬಗೆದ ಗುಳಿ ನೆನಪಾಯಿತು. ಇಡೀ ಊರು ಒತ್ತಿದವರ ಬೆರಳನ್ನು ಮೇಲೆ ಹುಡುಕುತ್ತದೆ. ಎತ್ತಿದವರ ಬೆರಳು ಕೆಳಗಿರುತ್ತದೆ ಎಂಬುದು ನಮಗ್ಯಾರಿಗೂ ಹೊಳೆದಿರಲಿಲ್ಲ, ವಿಜ್ಞಾನದ ಟೀಚರಿಗೂ ಹೊಳೆದಿರಲಿಲ್ಲ.

“ಯವ್ವಾ,” ಎಂದೆ, “ಚಿಪ್ಪು ಸಮುದ್ರದ್ದ. ಅದರಾಗ ಮಾತಿಲ್ಲ. ಆದ್ರ ಅಷ್ಟು ದೊಡ್ಡ ಗುಡ್ಡದಾಗ ಅದೊಂದ ಚಂದ ಐತಿ ಅಂತ ಕಂಡಾಕಿ ನಿಮ್ಮವ್ವ. ಹದದ ವಾರದಾಗ ಅಲ್ಲೀತನಕ ಹೋಗಿ, ಮ್ಯಾಲ ಒಂದು ಬೆರಳೂ ತಾಕಸದಂಗ ಕೆಳಗಿಂದ ಬಗದು, ಎರಡೂ ಕೈಲೆ ಹಿಡಕೊಂಡು ಮನಿತನಕ ತಂದಾಳ. ನಿಮ್ಮಪ್ಪ ಹೇಳಿದ್ದು ಖರೆ. ಅದು ನಿಮ್ಮವ್ವಂದ.”

ಫಕೀರವ್ವ ತನ್ನ ಎರಡೂ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಆ ಗುಳಿಗಳ ಕಡೆಗೆ ತಂದಳು. ಕಲ್ಲು ಹದದಲ್ಲಿತ್ತು, ಅವಳ ಬೆರಳು ಒಂದು ಚೂರು ಅದುಮಿದರೆ ಎಲ್ಲ ಮುಗಿದುಹೋಗುತ್ತಿತ್ತು. “ಒತ್ತಬ್ಯಾಡ ಯವ್ವಾ!” ಎಂದು ಕೂಗಿದೆ. ಅವಳು ಕೂದಲೆಳೆಯಷ್ಟು ಅಂತರದಲ್ಲಿ ನಿಂತಳು. ಬೆರಳುಗಳನ್ನು ಗುಳಿಗಳ ಮೇಲೆ ಹಿಡಿದು ನೋಡಿದಳು. ಹಂಡೆ ಇಳಿಸಿ, ರೊಟ್ಟಿ ಬಡಿದು ದಪ್ಪಗಾದ ಬೆರಳುಗಳು. ಒಂದೂ ಆ ಗುಳಿಯೊಳಗೆ ಹಿಡಿಸುವ ಹಾಗಿರಲಿಲ್ಲ.

“ದಾನಿ, ನೀ ಇಡು” ಎಂದಳು.

ಏಳನೇ ತರಗತಿಯ ಹುಡುಗಿ ಉಸಿರು ಬಿಗಿಹಿಡಿದು ತನ್ನ ಬೆರಳುಗಳನ್ನು ಒಂದೊಂದಾಗಿ ಇಳಿಸಿದಳು. ಎಂಟೂ ಬೆರಳುಗಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತವು.

ಫಕೀರವ್ವ ಅಂಗಳದಲ್ಲೇ ಕುಸಿದು ಕೂತಳು. “ಇಷ್ಟು ಸಣ್ಣಾಕಿ ಇದ್ಲೇನ ನಮ್ಮವ್ವ!” ಎಂದಳು. “ನಾ ದೊಡ್ಡಾಕಿ ದೊಡ್ಡಾಕಿ ಅನ್ಕೊಂಡಿದ್ನಲ್ಲೋ ಶಿವನ. ಇಷ್ಟು ಸಣ್ಣ ಹುಡಿಗಿ, ಇಷ್ಟು ಭಾರದ ಕಲ್ಲು ಹೊತ್ತಾಳಲ್ಲ.” ಇಷ್ಟು ವರ್ಷ ತಾಯಿಗಾಗಿ ಅತ್ತವಳು ಅವತ್ತು ಮೊದಲ ಸಲ ಆ ಹುಡುಗಿಗಾಗಿ ಅತ್ತಳು.

ಅತ್ತು ಮುಗಿಸಿದವಳು ತಾನೇ ಎದ್ದು ಹೊಸ ಮಣ್ಣು ಕಲಸಿದಳು. ನಾದುವ ಮಾತು ಯಾರೂ ಎತ್ತಲಿಲ್ಲ. ಗುಳಿಗಳಿರುವ ಬದಿಯನ್ನು ಈಚೆಗೆ ಕಾಣುವ ಹಾಗೆ ಇಡೋಣವೇ, ದಿನಾ ನೋಡಬಹುದಲ್ಲ ಎಂದು ಕೇಳಿದೆ. ಅವಳು ಬೇಡವೆಂದು ತಲೆಯಾಡಿಸಿದಳು. “ಮೊದಲಿದ್ದಂಗ ಇರಲ್ರಿ. ಚಿಪ್ಪು ಮ್ಯಾಲ, ಅಕಿ ಕೈ ಕೆಳಗ. ಹಿಡಕೊಂಡ ಇರಲಿ.” ಗುಳಿಗಳಿಗೆ ಅವಳೇ ಹಸಿಮಣ್ಣು ತುಂಬಿದಳು, ಒಂದು ಚೂರೂ ಅದುಮದೆ, ಮಗುವಿಗೆ ತುತ್ತು ಕೊಟ್ಟ ಹಾಗೆ. ಕಲ್ಲು ಗೂಡಿನಲ್ಲಿ ತನ್ನ ಜಾಗಕ್ಕೆ ಹೋಗಿ ಕೂತಿತು. ಅವಳು ದೀಪ ಹಚ್ಚಿದಳು. ಹಚ್ಚಿ ನನ್ನ ಕಡೆ ತಿರುಗಿ, “ಸಾಲಿ ಚಾಲೂ ಆಗಲಿ, ನಿಮ್ಮ ಸಾರಿಗೆ ಉಪ್ಪು ಹಾಕತೀನಿ” ಎಂದಳು.

ಉದುರಿದ ಮಣ್ಣಿನ ಬೆರಳುಗಳನ್ನು ದಾನೇಶ್ವರಿ ಬಟ್ಟಲಲ್ಲಿ ಆರಿಸಿಟ್ಟಿದ್ದಳು, ಮುಂದಿನ ಪಾಠಕ್ಕೆ ಬೇಕು ಎಂದು ನನ್ನನ್ನು ಕೇಳದೆಯೇ ತೀರ್ಮಾನಿಸಿದ್ದಳು. ಬಟ್ಟಲನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಹೊರಗೆ ಬಂದು ಅಜ್ಜಿಯ ಎದುರು ನಿಂತಳು.

“ಆಯಿ, ಬಲಗೈ ಚಾಚು.”

“ಯಾಕ?”

“ನಿನ್ನ ಕೈ ನಿಮ್ಮವ್ವನ ಕೈಗಿಂತ ದೊಡ್ಡದಾತಲ್ಲ. ಈಗ ಎಲ್ಲಾರೂ ಕಂಡೀವಿ.”

ಫಕೀರವ್ವ ಕೈ ಚಾಚಿದಳು. ಹುಡುಗಿ ಆ ದೊಡ್ಡ ಅಂಗೈಯ ನಡುವೆ ಒಂದು ಚೂರು ಬೆಲ್ಲ ಇಟ್ಟು, ಹೇಳಬೇಕಾದ ಮಾತನ್ನು ಒಂದಕ್ಷರ ತಪ್ಪದೆ ಹೇಳಿದಳು. “ದೊಡ್ಡಾಕಿ ಆದಿ. ಇನ್ನ ನಿನ್ನ ಕೈ ನಿನಗ.”

ಫಕೀರವ್ವ ಬೆಲ್ಲವನ್ನು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ, ನಮ್ಮ ಎದುರೇ, ಹತ್ತು ವರ್ಷದ ಹುಡುಗಿಯ ಹಾಗೆ ಅದನ್ನು ಚೀಪಿ ಚೀಪಿ ತಿಂದಳು.